ರೈನ್ ದಂಡೆಯಲ್ಲಿ ಏಳು ದಿನ, ಮೊಳೆಗಳ ಜಾಡಿನಲ್ಲಿ

ಮೊದಲನೇ ದಿನ, ಮೈನ್ಜ್

ನಮ್ಮಪ್ಪ ಮಂಗಳೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದವರು. ವಾರಕ್ಕೊಮ್ಮೆ ಉಪ್ಪಿನಂಗಡಿಯ ಮನೆಗೆ ಬಂದಾಗ ಅವರ ಅಂಗಿಯಿಂದ ಸೀಮೆಎಣ್ಣೆ, ಶಾಯಿ ಎರಡೂ ಸೇರಿದ ವಾಸನೆ ಬರುತ್ತಿತ್ತು. ಕನ್ನಡಕ್ಕೆ ಒತ್ತಕ್ಷರ, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಮೊಳೆ. ಮೊಳೆ ಇಡುವ ಪೆಟ್ಟಿಗೆಯಾದ ಕೇಸಿನ ಯಾವ ಮನೆಯಲ್ಲಿ ಯಾವುದಿದೆ ಎಂದು ನೋಡದೆಯೇ ಅವರ ಕೈ ಅಲ್ಲಿಗೆ ಹೋಗುತ್ತಿತ್ತು. ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು ಮತ್ತೆ ಅವವುಗಳ ಮನೆಗೆ ಹಂಚಬೇಕು. "ಇವತ್ತು ಮದುವೆ ಕಾಗದಕ್ಕೆ ಇಟ್ಟ 'ಶ್ರೀ'ಯನ್ನೇ ನಾಳೆ ಉತ್ತರಕ್ರಿಯೆ ಕಾಗದಕ್ಕೂ ಇಡುವುದು ಮಗಾ. ಮೊಳೆಗೆ ಎಂತ ಗೊತ್ತುಂಟು?" ಎನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವನು. ಆಧುನಿಕ ಯುರೋಪಿನ ಪಾಠ ಬಂದಾಗಲೆಲ್ಲ ಅಚ್ಚಿನ ಯಂತ್ರ ಬಂತು, ಜ್ಞಾನ ಹರಡಿತು, ಮತ ಸುಧಾರಕ ಮಾರ್ಟಿನ್ ಲೂಥರ್ ಪ್ರಶ್ನೆ ಕೇಳಿದ, ಕತ್ತಲೆ ಹರಿಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ. 2019ರ ಸೆಪ್ಟೆಂಬರಿನಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಕೆಲಸದಲ್ಲಿರುವ ಮಗಳು ಒಂದು ವಾರ ರಜೆ ಹಾಕಿ "ಎಲ್ಲಿಗೆ ಹೋಗುವ ಅಪ್ಪ?" ಎಂದು ಕೇಳಿದಾಗ, "ರೈನ್ ಹೊಳೆಯ ದಂಡೆ ಹಿಡಿದು ಮೈನ್ಜ್‌ನಿಂದ ಬಾಸೆಲ್‌ವರೆಗೆ" ಎಂದೆ. ನಾನು ಪಾಠ ಮಾಡಿದ ಊರುಗಳೆಲ್ಲ ಆ ಒಂದು ಹೊಳೆಯ ಬದಿಯಲ್ಲೇ ಇದ್ದವು.

ಯುರೋಪಿನಲ್ಲಿ ಮೊಳೆಯ ಅಚ್ಚು ಶುರು ಮಾಡಿದ ಗುಟೆನ್‌ಬರ್ಗನ ಹೆಸರಿನ ವಸ್ತುಸಂಗ್ರಹಾಲಯ ಆಗ ಮೈನ್ಜ್‌ನ ದೊಡ್ಡ ಇಗರ್ಜಿಯ ಎದುರಿಗೇ ಇತ್ತು. ಕೆಳಗಿನ ಅಂತಸ್ತಿನಲ್ಲಿ ಒಬ್ಬರು ಸೀಸ, ತವರ, ಆಂಟಿಮನಿ ಬೆರೆಸಿದ ಲೋಹವನ್ನು ಕೈಅಚ್ಚಿಗೆ ಸುರಿದು ಒಂದು ಅಕ್ಷರ ಎರಕ ಹೊಯ್ದು ತೋರಿಸಿದರು. ಕಣ್ಣು ಮಿಟುಕಿಸುವುದರೊಳಗೆ ಮೊಳೆ ಸಿದ್ಧ. ಗುಟೆನ್‌ಬರ್ಗನ ಅಸಲಿ ಕೈಚಳಕ ಇರುವುದು ಒತ್ತುವ ಯಂತ್ರದಲ್ಲಿ ಅಲ್ಲ, ಈ ಕೈಅಚ್ಚಿನಲ್ಲಿ ಎಂದು ನನಗೆ ಆಗ ಹೊಳೆಯಿತು. ದ್ರಾಕ್ಷಿ ಹಿಂಡುವ ತಿರುಪಿನ ಯಂತ್ರ ಈ ಊರಿನವರಿಗೆ ಮೊದಲೇ ಗೊತ್ತಿತ್ತು. ಒಂದೇ ಎತ್ತರದ, ಒಂದರ ಪಕ್ಕ ಇನ್ನೊಂದು ಕದಲದೆ ನಿಲ್ಲುವ ಸಾವಿರಾರು ಮೊಳೆ ಬೇಗ ಬೇಗ ಎರೆಯುವುದು ಯಾರಿಗೂ ಗೊತ್ತಿರಲಿಲ್ಲ.

ಮೇಲೆ ಮಬ್ಬುಬೆಳಕಿನ ಕೋಣೆಯಲ್ಲಿ ಅವನ 42 ಸಾಲಿನ ಬೈಬಲ್ ಇತ್ತು. 1455ರ ಸುಮಾರಿಗೆ ಮುಗಿದದ್ದು. ಅಚ್ಚಾದವು ಸುಮಾರು 180 ಪ್ರತಿ, ಈಗ ಜಗತ್ತಿನಲ್ಲಿ ಉಳಿದಿರುವುದು ಐವತ್ತರ ಆಸುಪಾಸು. ಅಕ್ಷರದ ಕಪ್ಪು ಇನ್ನೂ ಮಾಸಿಲ್ಲ. ನಾನು ಗಾಜಿಗೆ ಮುಖ ಹಚ್ಚಿ ಅಂಚು ನೋಡಿದೆ. ಎರಡೂ ಬದಿ ನೂಲು ಹಿಡಿದ ಹಾಗೆ ನೇರ. ಅಪ್ಪ ಇದ್ದಿದ್ದರೆ ಮೊದಲು ಅದನ್ನೇ ನೋಡುತ್ತಿದ್ದರು. ಇದನ್ನು ಮಾಡಿದವನಿಗೆ ಸಿಕ್ಕಿದ್ದು ಮಾತ್ರ ಕೋರ್ಟು. ಯೋಹಾನ್ ಫುಸ್ಟ್ ಎಂಬ ಸಾಹುಕಾರ ಎರಡು ಕಂತಿನಲ್ಲಿ 1600 ಗುಲ್ಡನ್ ಸಾಲ ಕೊಟ್ಟಿದ್ದ. 1455ರಲ್ಲಿ ಬಡ್ಡಿ ಸಮೇತ ದಾವೆ ಹೂಡಿ ಗೆದ್ದ. ಗುಟೆನ್‌ಬರ್ಗನ ಬಳಿ ಪಳಗಿದ ಪೇಟರ್ ಷೋಫರ್ ಆಮೇಲೆ ಫುಸ್ಟ್‌ನ ಜೊತೆ ಸೇರಿದ. ಈ ಷೋಫರನ ಹೆಸರು ನಾಳೆ ಮತ್ತೆ ಬರುತ್ತದೆ.

ಬೈಬಲಿಗಿಂತ ಹೆಚ್ಚು ಹೊತ್ತು ನಾನು ಯೋಚಿಸಿದ್ದು ಬೇರೊಂದು ಕಾಗದದ ಬಗ್ಗೆ. ಬೈಬಲ್ ಮುಗಿಯುವ ಮೊದಲೇ, 1454ರಲ್ಲೇ, ಮೈನ್ಜ್‌ನಲ್ಲಿ ಪಾಪವಿಮೋಚನಾ ಪತ್ರಗಳು, ಅಂದರೆ ದುಡ್ಡು ಕೊಟ್ಟವರಿಗೆ ಪಾಪದ ಶಿಕ್ಷೆ ಮಾಫಿ ಎಂದು ಇಗರ್ಜಿ ಕೊಡುತ್ತಿದ್ದ ಕಾಗದಗಳು, ಅಚ್ಚಾಗುತ್ತಿದ್ದವು. ಸೈಪ್ರಸ್ ದ್ವೀಪವನ್ನು ತುರ್ಕರಿಂದ ಕಾಪಾಡಲು ಹಣ ಎತ್ತುವುದಕ್ಕಾಗಿ. ಒಂದೇ ಹಾಳೆ, ಹೆಸರಿಗೆ, ತಾರೀಕಿಗೆ ಜಾಗ ಖಾಲಿ ಬಿಟ್ಟಿರುತ್ತಾರೆ, ಕೈಯಲ್ಲಿ ತುಂಬಿದರಾಯಿತು. ನಮ್ಮ ದೇವಸ್ಥಾನದ ಸೇವೆಯ ರಶೀದಿ ಪುಸ್ತಕ ಇದ್ದ ಹಾಗೆ. ಎದುರಿನ ಇಗರ್ಜಿಗೆ ಹೋದರೆ ಅಲ್ಲಿ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ನ ಸ್ಮಾರಕ ಕಲ್ಲು. ಈ ಪದವಿಗಾಗಿ ಫುಗ್ಗರ್ ಮನೆತನದ ಲೇವಾದೇವಿಗಾರರಲ್ಲಿ ಸಾಲ ಮಾಡಿ, ಅದನ್ನು ತೀರಿಸಲು ಪಾಪವಿಮೋಚನಾ ಪತ್ರದ ದುಡ್ಡಿನಲ್ಲಿ ಅರ್ಧ ಇಟ್ಟುಕೊಳ್ಳಲು ರೋಮಿನಿಂದ ಅನುಮತಿ ಪಡೆದವನು. 1517ರ ಅಕ್ಟೋಬರ್ 31ರಂದು ಲೂಥರ್ ಈ ಮಾರಾಟದ ವಿರುದ್ಧ ಬರೆದ ತನ್ನ 95 ವಾದಗಳನ್ನು ಪತ್ರದೊಂದಿಗೆ ಕಳಿಸಿದ್ದು ಇವನಿಗೇ. ಅವನು ಆ ವಾದಗಳ ಹಾಳೆಯನ್ನು ಇಗರ್ಜಿಯ ಬಾಗಿಲಿಗೆ ಕಬ್ಬಿಣದ ಮೊಳೆ ಹೊಡೆದು ಅಂಟಿಸಿದ ಎಂಬ ಕತೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಪತ್ರದ ಬಗ್ಗೆ ಇದೆ. ಲೂಥರನನ್ನು ರೊಚ್ಚಿಗೆಬ್ಬಿಸಿದ ಪತ್ರವನ್ನೂ ಅವನ ವಾದವನ್ನೂ ಹರಡಿದ್ದು ಒಂದೇ ಕಸುಬು. ನಾನು ತರಗತಿಯಲ್ಲಿ ಎರಡನೆಯದನ್ನು ಮಾತ್ರ ಹೇಳುತ್ತಿದ್ದೆ.

ಎರಡನೇ ದಿನ, ವೊರ್ಮ್ಸ್

ಮೈನ್ಜ್‌ನಿಂದ ಲೋಕಲ್ ರೈಲು. ಎಡಕ್ಕೂ ಬಲಕ್ಕೂ ದ್ರಾಕ್ಷಿ ತೋಟ. ವೊರ್ಮ್ಸ್ ಈಗ ಸಾಧಾರಣ ಊರು, ಬಸ್‌ಸ್ಟ್ಯಾಂಡಿನ ಹತ್ತಿರ ಕೂತರೆ ನಮ್ಮ ತಾಲೂಕು ಕೇಂದ್ರದ ನೆನಪಾಗುತ್ತದೆ. 1521ರ ಏಪ್ರಿಲಿನಲ್ಲಿ ಇಲ್ಲಿ ಇಡೀ ಸಾಮ್ರಾಜ್ಯದ ಸಭೆ ಸೇರಿತ್ತು. ಅದು ನಡೆದ ಬಿಷಪರ ಅರಮನೆ ಈಗಿಲ್ಲ. ಆ ಜಾಗದ ತೋಟದಲ್ಲಿ ಕಂಚಿನ ಒಂದು ಜೊತೆ ದೊಡ್ಡ ಬೂಟು ಇಟ್ಟಿದ್ದಾರೆ. ಲೂಥರ್ ನಿಂತ ಜಾಗ ಎಂದು ಜನ ಅದರೊಳಗೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಮಗಳು "ನೀವೂ ನಿಲ್ಲಿ" ಎಂದಳು. ನಿಂತೆ. ಚಕ್ರವರ್ತಿ ಐದನೇ ಚಾರ್ಲ್ಸ್‌ಗೆ ಆಗ 21 ವರ್ಷ. ಸ್ಪೇನಿನಿಂದ ಹಂಗೇರಿಯ ಗಡಿವರೆಗೆ ಅವನ ವಂಶದ ನೆರಳು. ಎದುರಿಗೆ ಗಣಿ ಕಸುಬಿನವನ ಮಗ, 37ರ ಸನ್ಯಾಸಿ. ಏಪ್ರಿಲ್ 17ರಂದು ಮೇಜಿನ ಮೇಲೆ ಅವನ ಪುಸ್ತಕಗಳನ್ನು ಪೇರಿಸಿಟ್ಟು ಎರಡೇ ಪ್ರಶ್ನೆ ಕೇಳಿದರು: ಇವು ನಿನ್ನವೇ? ಇವುಗಳಲ್ಲಿರುವುದನ್ನು ಹಿಂತೆಗೆದುಕೊಳ್ಳುತ್ತೀಯಾ? ಅವನು ಒಂದು ದಿನ ಸಮಯ ಕೇಳಿದ. ಆ ಒಂದು ದಿನದ ಭಯವೇ ನನಗೆ ಮರುದಿನದ ಧೈರ್ಯಕ್ಕಿಂತ ಹತ್ತಿರದ್ದು. 18ರಂದು, ಧರ್ಮಗ್ರಂಥದಿಂದಲೋ ಸ್ಪಷ್ಟ ತರ್ಕದಿಂದಲೋ ತಪ್ಪೆಂದು ತೋರಿಸದ ಹೊರತು ಹಿಂತೆಗೆಯಲಾರೆ, ಮನಸ್ಸಾಕ್ಷಿಗೆ ವಿರುದ್ಧ ನಡೆಯಲಾರೆ ಎಂದ. ಮೇ ತಿಂಗಳ ಶಾಸನ ಅವನನ್ನು ಕಾನೂನಿನ ಆಸರೆಯಿಂದ ಹೊರಗೆ ಹಾಕಿತು.

ಊರಿನ ಉದ್ಯಾನದಲ್ಲಿ 1868ರ ದೊಡ್ಡ ಸ್ಮಾರಕವಿದೆ. ಲೂಥರನ ಕಾಲಬುಡದಲ್ಲಿ ಅವನಿಗಿಂತ ಮೊದಲಿನ ನಾಲ್ವರು ಕೂತಿದ್ದಾರೆ: ವಾಲ್ಡೊ, ವಿಕ್ಲಿಫ್, ಹುಸ್, ಸವನರೋಲ. ಅವರಲ್ಲಿ ಹುಸ್‌ನನ್ನು 1415ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಸುಟ್ಟರು, ಅಭಯಪತ್ರ ಕೊಟ್ಟು ಕರೆಸಿ. ವೊರ್ಮ್ಸ್‌ಗೆ ಬರುವಾಗ ಲೂಥರನ ಕೈಯಲ್ಲಿಯೂ ಅಂಥದೇ ಅಭಯಪತ್ರವಿತ್ತು.

ಈ ಊರಿನಲ್ಲಿ ಇನ್ನೊಬ್ಬನ ನೆನಪು ನನಗೆ ಕಾಡಿತು, ಅವನ ಹೆಸರು ವಿಲಿಯಂ ಟಿಂಡೆಲ್. ಬೈಬಲಿನ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಇಂಗ್ಲಿಷಿಗೆ ತಂದವನು. ತನ್ನ ದೇಶದಲ್ಲಿ ಅನುಮತಿ ಸಿಗದೆ ಕಲೋನ್‌ಗೆ ಬಂದು ಅಚ್ಚಿಗೆ ಹಾಕಿದ. ಸುಳಿವು ಸಿಕ್ಕಿ ಅಧಿಕಾರಿಗಳು ಬರುವಷ್ಟರಲ್ಲಿ ಅಚ್ಚಾದ ಹಾಳೆಗಳನ್ನು ಎತ್ತಿಕೊಂಡು ರೈನ್‌ನಲ್ಲಿ ಮೇಲ್ಮುಖವಾಗಿ ಓಡಿದ. ನಾವು ಈಗ ಹೋಗುತ್ತಿರುವ ದಿಕ್ಕಿನಲ್ಲೇ. 1526ರಲ್ಲಿ ವೊರ್ಮ್ಸ್‌ನಲ್ಲಿ ಅದನ್ನು ಪೂರ್ತಿ ಅಚ್ಚು ಹಾಕಿಕೊಟ್ಟವನು ಕಿರಿಯ ಪೇಟರ್ ಷೋಫರ್, ನಿನ್ನೆ ಹೇಳಿದ ಷೋಫರನ ಮಗ. ಕೈಗೆ ಹಿಡಿಯುವಷ್ಟು ಸಣ್ಣ ಪುಸ್ತಕ. ಅದನ್ನು ಸರಕಿನ ನಡುವೆ ಅಡಗಿಸಿ ಇಂಗ್ಲೆಂಡಿಗೆ ಸಾಗಿಸಿದರು, ಅಲ್ಲಿ ಬಿಷಪರು ಸಿಕ್ಕಿದಷ್ಟನ್ನು ಸುಟ್ಟರು. 1536ರಲ್ಲಿ ಟಿಂಡೆಲ್‌ನನ್ನೂ ಕತ್ತು ಬಿಗಿದು ಕೊಂದು ಸುಟ್ಟರು. ಆ ಪುಸ್ತಕದ ಮೂರು ಪ್ರತಿ ಮಾತ್ರ ಉಳಿದಿವೆ.

ಮಧ್ಯಾಹ್ನ ಮೇಲೆ ಯೆಹೂದಿಗಳ ಹಳೆಯ ಸ್ಮಶಾನಕ್ಕೆ ಹೋದೆವು. ಹನ್ನೊಂದನೇ ಶತಮಾನದ ಕಲ್ಲುಗಳಿಂದ ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಗೋರಿಗಳು, ಹುಲ್ಲಿನ ನಡುವೆ ವಾಲಿ ನಿಂತಿವೆ. ಕೆಲವು ಕಲ್ಲುಗಳ ನೆತ್ತಿಯ ಮೇಲೆ ಯಾರೋ ಇಟ್ಟುಹೋದ ಹರಳು. ನಾನು ಅಲ್ಲಿ ಮಗಳಿಗೆ ಹೇಳಬೇಕಾದದ್ದನ್ನು ಹೇಳಿದೆ. ಬೂಟಿನಲ್ಲಿ ನಿಂತು ಮನಸ್ಸಾಕ್ಷಿಯ ಮಾತಾಡಿದ ಅದೇ ಲೂಥರ್ 1543ರಲ್ಲಿ, ಯೆಹೂದಿಗಳ ಪ್ರಾರ್ಥನಾಲಯಗಳನ್ನು ಸುಡಿ, ಮನೆ ಕೆಡವಿ, ಅವರ ಪುಸ್ತಕ ಕಿತ್ತುಕೊಳ್ಳಿ ಎಂದು ಬರೆದ. ಅದೂ ಅಚ್ಚಾಯಿತು. ಈ ಊರಿನ ಹಳೆಯ ಪ್ರಾರ್ಥನಾಲಯವನ್ನು 1938ರ ನವೆಂಬರಿನಲ್ಲಿ ನಾಜಿಗಳು ಸುಟ್ಟರು. ಈಗಿರುವುದು 1961ರಲ್ಲಿ ಮತ್ತೆ ಕಟ್ಟಿದ್ದು. ನಡುವಿನ ನಾಲ್ಕು ಶತಮಾನಕ್ಕೆ ಬೇರೆ ಬೇರೆ ಕಾರಣಗಳಿವೆ, ಎಲ್ಲವನ್ನೂ ಒಬ್ಬನ ತಲೆಗೆ ಕಟ್ಟಲಾರೆ. ಆದರೆ ಸುಟ್ಟವರು ಅವನ ಆ ಬರಹವನ್ನು ಓದಿ ಮೆರೆಸಿದ್ದರು. "ಇದನ್ನು ನೀವು ಶಾಲೆಯಲ್ಲಿ ಹೇಳಿದ್ದೀರಾ ಅಪ್ಪ?" ಎಂದು ಮಗಳು ಕೇಳಿದಳು. ಹೇಳಿರಲಿಲ್ಲ.

ಮೂರನೇ ದಿನ, ಸ್ಪೈಯರ್

ಲುಡ್ವಿಗ್ಸ್‌ಹಾಫೆನ್‌ನಲ್ಲಿ ರೈಲು ಬದಲಿಸಬೇಕು. ಸ್ಪೈಯರ್‌ನ ಕೆಂಪು ಕಲ್ಲಿನ ಇಗರ್ಜಿ ಊರಿಗಿಂತ ಬಹಳ ದೊಡ್ಡದು. ಒಳಗೆ ತಂಪು, ಅಲಂಕಾರ ಕಡಿಮೆ, ಕಣ್ಣಿಗೆ ಹಿತ. 1689ರಲ್ಲಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಸೈನ್ಯ ಈ ಊರಿಗೆ, ವೊರ್ಮ್ಸ್‌ಗೆ, ಹೈಡೆಲ್‌ಬರ್ಗಿಗೆ ಬೆಂಕಿ ಇಟ್ಟಿತು. ಆದ್ದರಿಂದ ಹಳೆಯ ಬೀದಿಗಳನ್ನು ಹುಡುಕಿ ಪ್ರಯೋಜನವಿಲ್ಲ.

ಲೂಥರನ ಕಡೆಯವರಿಗೆ "ಪ್ರೊಟೆಸ್ಟಂಟ್" ಎಂಬ ಹೆಸರು ಹುಟ್ಟಿದ್ದು ಇಲ್ಲಿ. 1529ರ ಸಭೆಯಲ್ಲಿ ಬಹುಮತದಿಂದ ವೊರ್ಮ್ಸ್‌ನ ಶಾಸನವನ್ನು ಮತ್ತೆ ಜಾರಿಗೆ ತರಲು ಹೊರಟಾಗ ಆರು ಅರಸರು, 14 ನಗರಗಳು ಲಿಖಿತ ಪ್ರತಿಭಟನೆ ಸಲ್ಲಿಸಿದವು. ದೇವರ ವಿಷಯದಲ್ಲಿ ಪ್ರತಿಯೊಬ್ಬನೂ ತಾನೇ ದೇವರೆದುರು ನಿಂತು ಲೆಕ್ಕ ಒಪ್ಪಿಸಬೇಕು, ಬಹುಮತ ಅಲ್ಲಿ ನಡೆಯದು ಎಂಬುದು ಅವರ ವಾದ. ಒಳ್ಳೆಯ ವಾದ. ಆದರೆ ಅದೇ ಸಭೆ, ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಿದ್ದ ಅನಬ್ಯಾಪ್ಟಿಸ್ಟರಿಗೆ ಮರಣದಂಡನೆ ವಿಧಿಸುವ ಕಾನೂನನ್ನೂ ಮಾಡಿತು. ಅದಕ್ಕೆ ಪ್ರತಿಭಟಿಸಿದ ಅರಸರೂ ಅಡ್ಡಿ ಹೇಳಲಿಲ್ಲ.

ಸ್ಪೈಯರ್‌ಗೆ ಇನ್ನೊಂದು ಕಪ್ಪು ಹೆಸರೂ ಇದೆ. ಹೈನ್‌ರಿಕ್ ಕ್ರಾಮರ್ ಎಂಬ ಧರ್ಮವಿಚಾರಕ ಬರೆದ 'ಮಾಟಗಾತಿಯರ ಸುತ್ತಿಗೆ' ಎಂಬ ಲ್ಯಾಟಿನ್ ಪುಸ್ತಕ 1486ರ ಸುಮಾರಿಗೆ ಅಚ್ಚಾದದ್ದು ಇಲ್ಲೇ. ಮಾಟಗಾತಿಯರನ್ನು ಗುರುತಿಸುವುದು ಹೇಗೆ, ವಿಚಾರಣೆ ಮಾಡುವುದು ಹೇಗೆ ಎಂದು ಕ್ರಮವಾಗಿ ಹೇಳುವ ಕೈಪಿಡಿ. ಇಂಥ ಬೇಟೆ ಹೆಚ್ಚಾಗಿದ್ದು ಮಧ್ಯಯುಗದಲ್ಲಿ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಉಚ್ಛ್ರಾಯಕ್ಕೆ ಬಂದದ್ದು 1560ರ ನಂತರ, ಪುನರುಜ್ಜೀವನ, ಮತ ಸುಧಾರಣೆ ಎಲ್ಲ ಆದ ಮೇಲೆ, ಕೆಪ್ಲರ್ ಗ್ರಹಗಳ ಲೆಕ್ಕ ಹಾಕುತ್ತಿದ್ದ ದಿನಗಳಲ್ಲಿ. ಕೆಪ್ಲರನ ತಾಯಿಯೇ ಈ ಆರೋಪದಲ್ಲಿ ಹದಿನಾಲ್ಕು ತಿಂಗಳು ಸೆರೆಯಲ್ಲಿದ್ದಳು. ಯುರೋಪಿನಲ್ಲಿ ಕೊಲೆಯಾದವರು 40ರಿಂದ 60 ಸಾವಿರ ಎಂದು ಇತಿಹಾಸಕಾರರ ಅಂದಾಜು, ಹೆಚ್ಚಿನವರು ಹೆಂಗಸರು. ಇದರ ವಿರುದ್ಧ 1631ರಲ್ಲಿ ಫ್ರೀಡ್ರಿಕ್ ಷ್ಪೇ ಎಂಬ ಜೆಸುಯಿಟ್ ಪಾದ್ರಿಯ ಪುಸ್ತಕ ಬಂತು, ಹೆಸರಿಲ್ಲದೆ. ಚಿತ್ರಹಿಂಸೆ ಕೊಟ್ಟರೆ ಯಾರು ಬೇಕಾದರೂ ಏನು ಬೇಕಾದರೂ ಒಪ್ಪುತ್ತಾರೆ, ಅದು ಸಾಕ್ಷ್ಯವಲ್ಲ ಎಂದು ಬಿಡಿಸಿ ಬರೆದವನು ಅವನು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಸುತ್ತಿಗೆಯ ಪುಸ್ತಕವನ್ನೂ ಯಾರೋ ಒಬ್ಬ ಕೇಸಿನ ಮುಂದೆ ನಿಂತು ಅಕ್ಷರ ಅಕ್ಷರವಾಗಿ ಜೋಡಿಸಿದ್ದಾನೆ, ಇನ್ನೊಬ್ಬ ಕರಡು ತಿದ್ದಿದ್ದಾನೆ.

ನಾಲ್ಕನೇ ದಿನ, ಹೈಡೆಲ್‌ಬರ್ಗ್

ಬೆಳಿಗ್ಗೆಯಿಂದ ಮಳೆ. ಕೋಟೆ ಹತ್ತಿದೆವು, ಇಳಿದೆವು. ಇದು ನೆಕಾರ್ ಹೊಳೆಯ ಊರು, ರೈನ್ ಸ್ವಲ್ಪ ದೂರ. 1555ರ ಆಗ್ಸ್‌ಬರ್ಗ್ ಒಪ್ಪಂದದಲ್ಲಿ ಅರಸನ ಮತವೇ ನಾಡಿನ ಮತ ಎಂದು ತೀರ್ಮಾನವಾಯಿತಲ್ಲ, ಅದು ಪ್ರಜೆಗಳಿಗೆ ಏನಾಗಿತ್ತು ಎಂಬುದಕ್ಕೆ ಈ ಊರು ಸಾಕ್ಷಿ. 1556ರಲ್ಲಿ ಅರಸ ಲೂಥರನ ಪಂಥ ತಂದ. ಅವನ ನಂತರದವನು ಜಿನೀವಾದ ಸುಧಾರಕ ಕ್ಯಾಲ್ವಿನನ ಪಂಥ. 1576ರಲ್ಲಿ ಅವನ ಮಗ ಮತ್ತೆ ಲೂಥರನದ್ದು. 1583ರಲ್ಲಿ ಮತ್ತೆ ಕ್ಯಾಲ್ವಿನನದ್ದು. ಒಂದೇ ಜೀವಮಾನದಲ್ಲಿ ನಾಲ್ಕು ಸಲ ಪಾದ್ರಿ ಬದಲು, ಮೇಷ್ಟ್ರು ಬದಲು, ಮಕ್ಕಳ ಬಾಯಿಪಾಠ ಬದಲು. ಮೇಷ್ಟ್ರಾಗಿ ನನಗೆ ಆ ಮೇಷ್ಟ್ರುಗಳ ಹೆಂಡತಿ ಮಕ್ಕಳ ಯೋಚನೆಯೇ ಬಂತು.

1622ರಲ್ಲಿ, ಮೂವತ್ತು ವರ್ಷಗಳ ಯುದ್ಧದಲ್ಲಿ, ಊರು ಕ್ಯಾಥೊಲಿಕ್ ಸೇನಾಪತಿ ಟಿಲ್ಲಿಯ ಕೈಗೆ ಬಿತ್ತು. ಇಲ್ಲಿನ ಹೆಸರಾಂತ ಗ್ರಂಥಭಂಡಾರವನ್ನು ಪೆಟ್ಟಿಗೆಗಳಿಗೆ ತುಂಬಿ, ಹೇಸರಗತ್ತೆಗಳ ಮೇಲೆ ಹೇರಿ, ಆಲ್ಪ್ಸ್ ದಾಟಿಸಿ ಪೋಪರಿಗೆ ಕಾಣಿಕೆ ಕೊಟ್ಟರು. 1816ರಲ್ಲಿ 847 ಜರ್ಮನ್ ಹಸ್ತಪ್ರತಿಗಳು ವಾಪಸು ಬಂದವು, ಉಳಿದವುಗಳಲ್ಲಿ ಹೆಚ್ಚಿನವು ಇಂದಿಗೂ ವ್ಯಾಟಿಕನ್‌ನಲ್ಲಿವೆ. ಯುದ್ಧ ಮುಗಿದದ್ದು 1648ರಲ್ಲಿ.

ಐದನೇ ದಿನ, ಸ್ಟ್ರಾಸ್‌ಬರ್ಗ್

ಕೇಲ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬೇಕೆಂದೇ ಟ್ರಾಮ್ ಹತ್ತಿದೆವು. ಸೇತುವೆಯ ಮೇಲೆ ಎರಡು ನಿಮಿಷ, ಫ್ರಾನ್ಸ್ ಬಂತು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಈ ಹೊಳೆಗಾಗಿ ಎಷ್ಟು ಜನ ಸತ್ತರು ಎಂಬುದು ತಲೆಯಲ್ಲಿದ್ದುದರಿಂದ ಆ ಎರಡು ನಿಮಿಷ ನನಗೆ ದೊಡ್ಡದಾಗಿ ಕಂಡಿತು.

1605ರಲ್ಲಿ ಯೋಹಾನ್ ಕಾರೊಲಸ್ ಎಂಬವನು ಇಲ್ಲಿ ಜಗತ್ತಿನ ಮೊದಲ ಅಚ್ಚಿನ ವಾರಪತ್ರಿಕೆ ಶುರು ಮಾಡಿದ. ಮೊದಲು ಅವನು ಬೇರೆ ಬೇರೆ ಊರಿನ ಸುದ್ದಿಗಳನ್ನು ಕೈಯಲ್ಲಿ ನಕಲು ಮಾಡಿಸಿ ಉಳ್ಳವರಿಗೆ ಮಾರುತ್ತಿದ್ದ. ನಕಲು ಮಾಡುವುದು ತಡವಾಗುತ್ತದೆಂದು ಮೊಳೆಗೆ ಇಳಿದ. ಅಷ್ಟೇ ಕಾರಣ.

ಇಗರ್ಜಿಯ ಖಗೋಳ ಗಡಿಯಾರದ ಮುಂದೆ ಹನ್ನೆರಡೂವರೆಗೆ ಜನ ನೆರೆಯುತ್ತಾರೆ, ಯೇಸುವಿನ ಶಿಷ್ಯರಾದ ಅಪೊಸ್ತಲರ ಗೊಂಬೆಗಳು ಸಾಲಾಗಿ ಹೋಗುತ್ತವೆ. ನಾನು ನೋಡಬೇಕೆಂದಿದ್ದುದು ಪೆಟ್ಟಿಗೆಯ ಬದಿಯಲ್ಲಿರುವ ಕೊಪರ್ನಿಕಸ್‌ನ ಚಿತ್ರ. ಒಳಗಿನ ಯಂತ್ರ 1842ರದ್ದು, ಪೆಟ್ಟಿಗೆ 1574ರದ್ದು. ಆಗಿನ ಯಂತ್ರ ಭೂಮಿಯನ್ನು ನಡುವಿಟ್ಟೇ ಗ್ರಹಗಳನ್ನು ತಿರುಗಿಸುತ್ತಿತ್ತು, ಹೊರಗೆ ಮಾತ್ರ ಸೂರ್ಯನನ್ನು ನಡುವಿಟ್ಟವನ ಚಿತ್ರ. ಹೊಸ ವಿಚಾರ ಒಂದು ಊರಿಗೆ ಬರುವುದು ಹೀಗೆಯೇ ಇರಬೇಕು, ಮೊದಲು ಗೋಡೆಗೆ ಚಿತ್ರವಾಗಿ, ಯಂತ್ರದೊಳಕ್ಕೆ ಬಹಳ ತಡವಾಗಿ.

ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದವಳು ಕ್ಯಾಥರೀನಾ ಝೆಲ್. ಪಾದ್ರಿ ಮ್ಯಾಥ್ಯೂಸ್ ಝೆಲ್‌ನನ್ನು 1523ರಲ್ಲಿ ಮದುವೆಯಾದಳು, ಪಾದ್ರಿಗಳು ಮದುವೆಯಾಗುವುದೇ ಹಗರಣವಾಗಿದ್ದ ಕಾಲ. ಮರುವರ್ಷ ಕೆಂಟ್ಸಿಂಗನ್ ಎಂಬ ಊರಿನಿಂದ ಹೊಸ ಪಂಥದ ಗಂಡಸರನ್ನು ಓಡಿಸಿದಾಗ ಅವರಲ್ಲಿ 80 ಮಂದಿಗೆ ತನ್ನ ಮನೆಯಲ್ಲೇ ಜಾಗ ಕೊಟ್ಟಳು. ಆ ಊರಿನಲ್ಲಿ ಒಂಟಿಯಾಗಿ ಉಳಿದ ಹೆಂಡತಿಯರಿಗೆ ಧೈರ್ಯ ಹೇಳಿ ಒಂದು ಪತ್ರ ಬರೆದು ಅಚ್ಚು ಹಾಕಿಸಿದಳು. ಮುಂದೆ ಅನಬ್ಯಾಪ್ಟಿಸ್ಟರನ್ನು ತನ್ನವರೇ ಹಿಂಸಿಸತೊಡಗಿದಾಗ ಅವರ ಪರವೂ ನಿಂತಳು. "ಪಠ್ಯಪುಸ್ತಕದಲ್ಲಿ ಇವಳು ಯಾಕಿಲ್ಲ?" ಎಂದು ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಆರನೇ, ಏಳನೇ ದಿನ, ಬಾಸೆಲ್

ಸ್ವಿಟ್ಜರ್ಲೆಂಡ್ ದುಬಾರಿ, ಮಗಳು ಮೊದಲೇ ಚಪಾತಿ, ಉಪ್ಪಿನಕಾಯಿ ಕಟ್ಟಿಕೊಂಡಿದ್ದಳು. ಹೊಳೆಯ ಮೆಟ್ಟಿಲಲ್ಲಿ ಕೂತು ತಿಂದೆವು.

ವಿದ್ವಾಂಸ ಎರಾಸ್ಮಸ್‌ನ ಸಮಾಧಿಯ ಕೆಂಪು ಕಲ್ಲು ಇಲ್ಲಿನ ದೊಡ್ಡ ಇಗರ್ಜಿಯಲ್ಲಿದೆ. 1516ರಲ್ಲಿ ಫ್ರೋಬೆನ್‌ನ ಅಚ್ಚುಕೂಟದಿಂದ ಗ್ರೀಕ್ ಹೊಸ ಒಡಂಬಡಿಕೆ ಹೊರತಂದವನು. ಲೂಥರ್, ಟಿಂಡೆಲ್ ಇಬ್ಬರೂ ಅನುವಾದಕ್ಕೆ ಆಧಾರ ಮಾಡಿಕೊಂಡದ್ದು ಅವನ ಪಾಠವನ್ನೇ. 1529ರಲ್ಲಿ ಇಲ್ಲಿ ಜನ ಇಗರ್ಜಿಯ ವಿಗ್ರಹಗಳನ್ನು ಒಡೆದಾಗ ಬೇಸತ್ತು ಊರು ಬಿಟ್ಟ. ಕಡೆಗೆ ಇಲ್ಲಿಗೇ ಬಂದು 1536ರಲ್ಲಿ ತೀರಿಕೊಂಡ. ಕ್ಯಾಥೊಲಿಕನಾಗಿಯೇ ಉಳಿದವನನ್ನು ಪ್ರೊಟೆಸ್ಟಂಟರು ತಮ್ಮ ಇಗರ್ಜಿಯಲ್ಲಿ ಗೌರವದಿಂದ ಮಣ್ಣು ಮಾಡಿದರು.

ಆದರೆ ನಾನು ಬಾಸೆಲ್‌ಗೆ ಬಂದದ್ದು ಯೋಹಾನೆಸ್ ಒಪೊರಿನಸ್ ಎಂಬ ಅಚ್ಚುಗಾರನಿಗಾಗಿ. 1542ರಲ್ಲಿ ಅವನು ಕುರಾನಿನ ಲ್ಯಾಟಿನ್ ಅನುವಾದ ಅಚ್ಚಿಗೆ ಹಾಕಿದ. ನಗರಸಭೆ ಹಾಳೆಗಳನ್ನು ಜಪ್ತಿ ಮಾಡಿ ಅವನನ್ನು ಜೈಲಿಗೆ ಹಾಕಿತು. ಬಿಡಿಸಲು ಪತ್ರ ಬರೆದವರಲ್ಲಿ ಲೂಥರನೂ ಒಬ್ಬ. ಕುರಾನಿನ ಮೇಲಿನ ಗೌರವದಿಂದಲ್ಲ, ಜನ ಅದನ್ನು ಓದಿದರೆ ದೋಷ ತಾನಾಗಿಯೇ ಗೊತ್ತಾಗುತ್ತದೆ ಎಂಬ ಲೆಕ್ಕದಿಂದ. ಊರಿನ ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ 1543ರಲ್ಲಿ ಪುಸ್ತಕ ಹೊರಬಂತು. ಅದೇ ವರ್ಷ ಅದೇ ಅಚ್ಚುಕೂಟದಿಂದ ವೆಸಾಲಿಯಸ್‌ನ ಮನುಷ್ಯ ದೇಹರಚನೆಯ ಮಹಾಗ್ರಂಥ ಬಂತು. ಚಿತ್ರಗಳ ಮರದ ಅಚ್ಚುಗಳನ್ನು ವೆನಿಸ್‌ನಿಂದ ಆಲ್ಪ್ಸ್ ದಾಟಿಸಿ ತಂದಿದ್ದರು. ಆಗ ವೆಸಾಲಿಯಸ್‌ಗೆ 28 ವರ್ಷ. ಕೆಳದವಡೆಯಲ್ಲಿ ಎರಡು ಮೂಳೆ ಎಂದು ಪ್ರಾಚೀನ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ವೈದ್ಯರು ಓದಿದ್ದರು, ಇವನು ಕೊಯ್ದು ನೋಡಿ ಒಂದೇ ಎಂದ. ಇಲ್ಲಿ ಶಿರಚ್ಛೇದವಾದ ಒಬ್ಬನ ದೇಹವನ್ನು ಬಿಡಿಸಿ ಅವನು ಜೋಡಿಸಿದ ಅಸ್ಥಿಪಂಜರ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನಿಂತಿದೆ. ಅದರ ದವಡೆಯನ್ನು ನಾನು ಗಮನವಿಟ್ಟು ನೋಡಿದೆ.

ಮರುದಿನ ಬೆಳಿಗ್ಗೆ ಮಿಷನ್ ಬೀದಿಗೆ ಹೋದೆವು. 1815ರಲ್ಲಿ ಶುರುವಾದ ಬಾಸೆಲ್ ಮಿಷನ್‌ನ ಮನೆ ಅಲ್ಲಿದೆ. 1834ರಲ್ಲಿ ಇಲ್ಲಿಂದ ಹೊರಟವರು ಮಂಗಳೂರು ತಲುಪಿದರು, 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣ ಶುರು ಮಾಡಿದರು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಮಂಗಳೂರಿನಲ್ಲಿ ಅಚ್ಚಿನ ಕಸುಬು ಬೇರೂರಿದ್ದು ಹಾಗೆ, ಅಪ್ಪನಿಗೆ ಅನ್ನ ಸಿಕ್ಕಿದ್ದೂ ಹಾಗೆ. ಕಟ್ಟಡದ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಮಗಳು ಕೈ ಹಿಡಿದುಕೊಂಡಳು.

ಸಂಜೆ ಹೊಳೆ ದಾಟಲು ಕಡವಿಗೆ ಬಂದೆವು. ಇಲ್ಲಿನ ದೋಣಿಗೆ ಎಂಜಿನಿಲ್ಲ, ಹುಟ್ಟಿಲ್ಲ. ಅಡ್ಡಲಾಗಿ ಕಟ್ಟಿದ ತಂತಿಗೆ ಸಿಕ್ಕಿಸಿರುತ್ತಾರೆ, ನೀರಿನ ಸೆಳೆತವೇ ಆಚೆ ದಡಕ್ಕೆ ಒಯ್ಯುತ್ತದೆ. ಕೂತು ಮಗಳಿಗೆ ಸೆಬಾಸ್ಟಿಯನ್ ಕಾಸ್ಟೆಲಿಯೊನ ಕತೆ ಹೇಳಿದೆ. ಒಪೊರಿನಸ್‌ನ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು, ಮಕ್ಕಳು ಮರಿ ಇದ್ದವನು. ಸಂಬಳ ಸಾಕಾಗದೆ, ಉರಿಸಲು ಕಟ್ಟಿಗೆ ಬೇಕಾದಾಗ ಇದೇ ಹೊಳೆಯಲ್ಲಿ ತೇಲಿ ಬರುವ ಮರವನ್ನು ಕೊಕ್ಕೆಯಿಂದ ಎಳೆಯುತ್ತಿದ್ದ. ನೆರೆ ಬಂದಾಗ ಉಪ್ಪಿನಂಗಡಿಯಲ್ಲಿ ನಾವು ಕುಮಾರಧಾರೆಯಲ್ಲಿ ಎಳೆಯುತ್ತಿದ್ದೆವಲ್ಲ, ಹಾಗೆಯೇ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತರ ತ್ರಿತ್ವ ತತ್ತ್ವ ಒಪ್ಪದ ಮಿಗೆಲ್ ಸರ್ವೆಟಸ್ ಎಂಬ ವೈದ್ಯನನ್ನು 1553ರಲ್ಲಿ ಕ್ಯಾಲ್ವಿನನ ಜಿನೀವಾ ಜೀವಂತ ಸುಟ್ಟಾಗ ಯುರೋಪಿನ ದೊಡ್ಡ ದೊಡ್ಡವರು ಸರಿ ಎಂದರು. ಈ ಕರಡು ತಿದ್ದುವವನು ತಪ್ಪು ಎಂದ. 1554ರಲ್ಲಿ ಸುಳ್ಳು ಹೆಸರು, ಸುಳ್ಳು ಊರು ಹಾಕಿ ಒಪೊರಿನಸ್ ಅವನ ಪುಸ್ತಕ ಅಚ್ಚು ಹಾಕಿದ. ಅದಕ್ಕೆ ವಿರೋಧ ಬಂದ ಮೇಲೆ ಕಾಸ್ಟೆಲಿಯೊ ಇನ್ನೊಂದು ಬರೆದ. ಒಬ್ಬ ಮನುಷ್ಯನನ್ನು ಕೊಲ್ಲುವುದು ಒಂದು ಸಿದ್ಧಾಂತವನ್ನು ಕಾಪಾಡುವುದಲ್ಲ, ಒಬ್ಬ ಮನುಷ್ಯನನ್ನು ಕೊಲ್ಲುವುದು ಎಂಬ ಮಾತು ಇರುವುದು ಅದರಲ್ಲಿ. ಕ್ಯಾಲ್ವಿನನ ಕಡೆಯವರು ಅವನನ್ನು ಕಟ್ಟಿಗೆ ಕಳ್ಳ ಎಂದೂ ದೂರಿದರು.

"ಆ ಎರಡನೇ ಪುಸ್ತಕವನ್ನೂ ಒಪೊರಿನಸ್ಸೇ ಅಚ್ಚು ಹಾಕಿದನಾ?"

"ಇಲ್ಲ. ಅದಕ್ಕೆ ಯಾರೂ ಮೊಳೆ ಜೋಡಿಸಲಿಲ್ಲ. ಕೈಬರಹದಲ್ಲೇ ಉಳಿಯಿತು."

"ಮತ್ತೆ ಯಾವಾಗ ಬಂತು ಅಪ್ಪ?"

"1612ರಲ್ಲಿ, ಹಾಲೆಂಡಿನಲ್ಲಿ. ಅವನು ಸತ್ತು 49 ವರ್ಷ ಆಗಿತ್ತು."

ದೋಣಿ ಆಚೆ ದಡಕ್ಕೆ ತಾಗಿತು. ಮಗಳು ಇಳಿಯಲಿಲ್ಲ. ಅಂಬಿಗನ ಕೈಗೆ ಇನ್ನೊಂದು ಸಲದ ದುಡ್ಡು ಕೊಟ್ಟು, "ಸರ್ವೆಟಸ್ ಎಂತ ಬರೆದಿದ್ದ? ಮೊದಲಿಂದ ಹೇಳಿ" ಎಂದಳು.